‘ಗಂಟುಮೂಟೆ ಕಟ್ಟುತ್ತೇವೆ’ ಅಂದರೆ ಹೆದರಬೇಕೇ?

(ಬೆಂಗಳೂರಿನಲ್ಲಿ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರೆಮಿಂಗ್ಟನ್ ಅಂದರೆ ಏನು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿಕೊಂಡು ಕೆಲಸಕ್ಕೆ ಅಲೆದ ತಲೆಮಾರಿಗೆ ಅದು ಟೈಪ್‌ರೈಟರಿನ ಹೆಸರು. ನಿಮ್ಮ ಮೊಬೈಲಿನ ಇಂಗ್ಲಿಷ್ ಕೀಲಿಮಣೆಯಲ್ಲಿ ಕ್ಯೂ, ಡಬ್ಲ್ಯೂ, ಇ, ಆರ್ ಅಂತ ಅಕ್ಷರಗಳು ಸಾಲಾಗಿ ಕೂತಿವೆಯಲ್ಲ, ಆ ಸಾಲು ಮೊದಲು ಪೇಟೆಗೆ ಬಂದದ್ದೂ ಈ ಹೆಸರಿನ ಕಾರ್ಖಾನೆಯಿಂದಲೇ. 1873ರಲ್ಲಿ ಆ ಯಂತ್ರ ತಯಾರಿಸಲು ಒಪ್ಪಿಕೊಂಡ ಕಾರ್ಖಾನೆ ಇದ್ದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಲಿಯಾನ್ ಎಂಬ ಸಣ್ಣ ಊರಿನಲ್ಲಿ.

ಆದರೆ ಆ ಕಾರ್ಖಾನೆಯ ಮೂಲ ಕಸುಬು ಟೈಪ್‌ರೈಟರ್ ಅಲ್ಲ, ಬಂದೂಕು. ಎಲಿಫಲೆಟ್ ರೆಮಿಂಗ್ಟನ್ ಎಂಬಾತ 1816ರಲ್ಲಿ ಶುರು ಮಾಡಿದ ಕಸುಬು. ಈರೀ ಕಾಲುವೆಯಲ್ಲಿ ದೋಣಿ ಓಡಲು ಆರಂಭವಾದ ಮೇಲೆ 1828ರಲ್ಲಿ ಕಾಲುವೆಯ ದಡಕ್ಕೆ, ಅಂದರೆ ಇಲಿಯಾನ್‌ಗೆ, ಕುಲುಮೆ ಬಂತು. ಟೈಪ್‌ರೈಟರಿನ ವ್ಯಾಪಾರವನ್ನು 1886ರಲ್ಲಿ ಮಾರಿದರು. ಬಂದೂಕು ಮಾತ್ರ ಅಲ್ಲೇ ಉಳಿಯಿತು. ಅಜ್ಜ, ಅಪ್ಪ, ಮಗ, ಮೊಮ್ಮಗ ಒಂದೇ ಗೇಟಿನೊಳಗೆ ಹೋಗಿ ಬಂದರು. ಹೀಗೆ ಸುಮಾರು ಇನ್ನೂರು ವರ್ಷ!

2024ರ ಮಾರ್ಚ್‌ನಲ್ಲಿ ಆ ಗೇಟಿಗೆ ಬೀಗ ಬಿತ್ತು. ಕೊನೆಗೆ ಉಳಿದಿದ್ದ ಸುಮಾರು 270 ಕಾರ್ಮಿಕರು ಮನೆಗೆ ಹೋದರು. ಕಂಪನಿ ಹೋದದ್ದು ಎಲ್ಲಿಗೆ? ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರದ, ಜಾರ್ಜಿಯಾ ರಾಜ್ಯದ ಲಾಗ್ರೇಂಜ್‌ಗೆ. ಕಾರಣ ಏನೆಂದರೆ, ಅದು ‘ಉದ್ಯಮಸ್ನೇಹಿ’ ರಾಜ್ಯವಂತೆ.

ಉದ್ಯಮಸ್ನೇಹಿ! ಈ ಮಾತು ನಮಗೆ ಹೊಸದಲ್ಲ. ಕನ್ನಡಿಗರಿಗೆ ಕೆಲಸ ಕೊಡಿ ಅಂತ ನಾವು ಬಾಯಿ ಬಿಟ್ಟಾಗಲೆಲ್ಲ ಈ ಪದವನ್ನು ನಮ್ಮ ಮುಖಕ್ಕೆ ಎಸೆಯುತ್ತಾರೆ. ಹಾಗಾಗಿ ಆ ಪದದ ಹೊಟ್ಟೆಯೊಳಗೆ ಏನಿದೆ ಅಂತ ಇವತ್ತು ಬಗೆದು ನೋಡೋಣ. ನಮ್ಮ ಜಗಳವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಅಮೆರಿಕದ ಬಂದೂಕು ಕಂಪನಿಗಳ ಕತೆ ಕೇಳಿ.

ಇಪ್ಪತ್ತು ಮಕ್ಕಳ ಹೆಣ ಬಿದ್ದ ಮೇಲೆ

2012ರ ಡಿಸೆಂಬರ್ 14. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ಒಬ್ಬ ನುಗ್ಗಿ 20 ಪುಟ್ಟ ಮಕ್ಕಳನ್ನೂ 6 ಮಂದಿ ಶಾಲಾ ಸಿಬ್ಬಂದಿಯನ್ನೂ ಕೊಂದ. ಅವನ ಕೈಯಲ್ಲಿದ್ದದ್ದು ಬುಷ್‌ಮಾಸ್ಟರ್ ರೈಫಲ್. ಅದು ರೆಮಿಂಗ್ಟನ್ ಗುಂಪಿನದೇ ಸರಕು.

ಆಗ ಕೆಲವು ರಾಜ್ಯಗಳು ಕಾನೂನು ಬಿಗಿ ಮಾಡಿದವು. 2013ರ ಜನವರಿಯಲ್ಲಿ ನ್ಯೂಯಾರ್ಕ್. ನಂತರ ಕನೆಕ್ಟಿಕಟ್, ಮೇರಿಲ್ಯಾಂಡ್, ಕೊಲರಾಡೊ. ಒಂದು ಮ್ಯಾಗಜೀನಿನಲ್ಲಿ ಇಷ್ಟೇ ಗುಂಡು ಇರಬೇಕು, ಇಂಥ ರೈಫಲ್ ಮಾರಬಾರದು ಎಂಬ ಕಾನೂನುಗಳು. ಕಂಪನಿಗಳು ತಕ್ಷಣ ಗುಟುರು ಹಾಕಿದವು: ‘ನಾವು ಹೊರಟೆವು.’

ಕೆಲವು ನಿಜಕ್ಕೂ ಹೊರಟವು. ಮ್ಯಾಗಜೀನ್ ತಯಾರಿಸುವ ಮ್ಯಾಗ್‌ಪುಲ್ 2014ರಲ್ಲಿ ಕೊಲರಾಡೊ ಬಿಟ್ಟು ವಯೋಮಿಂಗ್‌ಗೂ ಟೆಕ್ಸಾಸ್‌ಗೂ ಹೋಯಿತು. ಇಟಲಿಯ ಬೆರೆಟ್ಟಾ ಅದೇ ವರ್ಷ, ಮೇರಿಲ್ಯಾಂಡಿನ ಅಕೊಕೀಕ್‌ನಲ್ಲಿದ್ದ ತಯಾರಿಕೆಯನ್ನು ಟೆನ್ನೆಸ್ಸಿಯ ಗ್ಯಾಲಟಿನ್‌ಗೆ ಸಾಗಿಸುತ್ತೇನೆ ಎಂದಿತು. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಬೇರುಬಿಟ್ಟಿದ್ದ ಸ್ಮಿತ್ ಅಂಡ್ ವೆಸ್ಸನ್ 2021ರಲ್ಲಿ ಪ್ರಧಾನ ಕಚೇರಿಯನ್ನು ಟೆನ್ನೆಸ್ಸಿಯ ಮೇರಿವಿಲ್‌ಗೆ ಒಯ್ಯುವುದಾಗಿ ಸಾರಿತು. ಅಲ್ಲಿನ ಶಾಸನಸಭೆಯಲ್ಲಿ ಮಂಡನೆಯಾಗಿದ್ದ ಒಂದು ಮಸೂದೆಯನ್ನು ಅದು ಕಾರಣ ಎಂದು ತೋರಿಸಿತು. ಮಸೂದೆ ಕಣ್ರೀ, ಕಾಯಿದೆಯೂ ಅಲ್ಲ!

ಕಾನೂನು ತಪ್ಪಿಸಿಕೊಳ್ಳಲಿಕ್ಕೋ, ಕೂಲಿ ಉಳಿಸಲಿಕ್ಕೋ?

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಕೊಡಿ. ನ್ಯೂಯಾರ್ಕಿನ ಆ ಕಾನೂನು ಮುಖ್ಯವಾಗಿ ಹೇಳುವುದು ಆ ರಾಜ್ಯದಲ್ಲಿ ಏನನ್ನು ಮಾರಬಹುದು, ಇಟ್ಟುಕೊಳ್ಳಬಹುದು ಅಂತ. ಜಾರ್ಜಿಯಾದಲ್ಲಿ ತಯಾರಾದ ಬಂದೂಕಿಗೂ ನ್ಯೂಯಾರ್ಕಿನ ಅಂಗಡಿಯಲ್ಲಿ ಅದೇ ಕಾನೂನು. ಕಾರ್ಖಾನೆ ಊರು ಬಿಟ್ಟ ಮಾತ್ರಕ್ಕೆ ಆ ಕಾನೂನಿನಿಂದ ಬಿಡುಗಡೆ ಸಿಗುವುದಿಲ್ಲ.

ಹಾಗಾದರೆ ಸಿಗುವುದೇನು? ಮೊದಲನೆಯದು, ಗಿರಾಕಿಗಳ ಚಪ್ಪಾಳೆ. ‘ಬಂದೂಕಿನ ವಿರೋಧಿಗಳ ನಾಡು ಬಿಟ್ಟು ಬಂದೆವು’ ಅಂದರೆ ಅವರ ಗಿರಾಕಿಗಳಿಗೆ ಖುಷಿ. ಎರಡನೆಯದು, ತೆರಿಗೆ ವಿನಾಯಿತಿ, ಅಗ್ಗದ ಜಾಗ, ಸರ್ಕಾರದ ಕಾಣಿಕೆ. ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಅದು ಯೂನಿಯನ್.

ಅಮೆರಿಕದಲ್ಲಿ 1947ರ ಟಾಫ್ಟ್-ಹಾರ್ಟ್ಲಿ ಕಾಯಿದೆ ರಾಜ್ಯಗಳ ಕೈಗೆ ಒಂದು ಅಸ್ತ್ರ ಕೊಟ್ಟಿತು. ಯೂನಿಯನ್ ಹೋರಾಡಿ ಎಲ್ಲರಿಗೂ ಸಂಬಳ ಏರಿಸಿದರೂ ಯಾವ ಕಾರ್ಮಿಕನೂ ಯೂನಿಯನ್ನಿಗೆ ಚಂದಾ ಕೊಡಲೇಬೇಕಾಗಿಲ್ಲ ಅಂತ ರಾಜ್ಯಗಳು ಕಾನೂನು ಮಾಡಬಹುದು. ಅದಕ್ಕೆ ಇಟ್ಟ ಹೆಸರು ನೋಡಿ: ‘ಕೆಲಸದ ಹಕ್ಕು’. ಹೆಸರು ಜೇನು, ಒಳಗೆ ಬೇವು! ಕಾಸಿಲ್ಲದ ಸಂಘ ಎಷ್ಟು ದಿನ ಬಾಳೀತು? ಜಾರ್ಜಿಯಾ, ಟೆನ್ನೆಸ್ಸಿ ಎರಡೂ 1947ರಲ್ಲೇ ಈ ಕಾನೂನು ತಂದವು. ಟೆನ್ನೆಸ್ಸಿಯಂತೂ 2022ರಲ್ಲಿ ಜನರ ಮತ ಪಡೆದು ಅದನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿಕೊಂಡಿತು. ನ್ಯೂಯಾರ್ಕ್, ಮ್ಯಾಸಚುಸೆಟ್ಸ್‌ಗಳಲ್ಲಿ ಅಂಥ ಕಾನೂನು ಇಲ್ಲ. ಇಲಿಯಾನ್‌ನ ಕಾರ್ಮಿಕರು ಗಣಿ ಕಾರ್ಮಿಕರ ದೊಡ್ಡ ಯೂನಿಯನ್ನಿನ ಸದಸ್ಯರಾಗಿದ್ದರು. ಈಗ ಭೂಪಟ ಬಿಡಿಸಿ ನೋಡಿ. ಬಂದೂಕು ಕಂಪನಿಗಳು ಯಾವ ದಿಕ್ಕಿಗೆ ನಡೆದಿವೆ ಅಂತ ನಿಮಗೇ ಗೊತ್ತಾಗುತ್ತದೆ.

ಕೊಟ್ಟೋನು ಕೋಡಂಗಿ

‘ಸರಿ ಸ್ವಾಮಿ, ಆ ರಾಜ್ಯಗಳು ಜಾಣತನದಿಂದ ಉದ್ಯೋಗ ಗಿಟ್ಟಿಸಿಕೊಂಡವಲ್ಲ?’ ಎಂದು ನೀವು ಕೇಳಬಹುದು. ಕೇಳಲೇಬೇಕು. ಉತ್ತರ ರೆಮಿಂಗ್ಟನ್ ಚರಿತ್ರೆಯಲ್ಲೇ ಇದೆ.

2007ರಲ್ಲಿ ರೆಮಿಂಗ್ಟನ್‌ ಅನ್ನು ಸೆರ್ಬೆರಸ್ ಎಂಬ ಹೂಡಿಕೆ ಕಂಪನಿ ಕೊಂಡಿತು. ಸೆರ್ಬೆರಸ್ ಅಂದರೆ ಗ್ರೀಕರ ಪುರಾಣದಲ್ಲಿ ನರಕದ ಬಾಗಿಲು ಕಾಯುವ ಮೂರು ತಲೆಯ ನಾಯಿ. ಹೆಸರಿಟ್ಟವರಿಗೆ ನಾಚಿಕೆಯೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. 2014ರ ಫೆಬ್ರವರಿಯಲ್ಲಿ ರೆಮಿಂಗ್ಟನ್, ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಹೊಸ ಕಾರ್ಖಾನೆ ತೆರೆಯುವುದಾಗಿ ಹೇಳಿತು. ಸುಮಾರು 2,000 ಉದ್ಯೋಗದ ಮಾತು ಕೊಟ್ಟಿತು. ಪ್ರತಿಯಾಗಿ ರಾಜ್ಯವೂ ನಗರವೂ ಸೇರಿ ಸುಮಾರು 7 ಕೋಟಿ ಡಾಲರ್ ಮೌಲ್ಯದ ರಿಯಾಯಿತಿ, ಸವಲತ್ತುಗಳನ್ನು ಮುಂದಿಟ್ಟವು.

ಆ ಹೊಸ ಕಾರ್ಖಾನೆ ತುಂಬಿಸಲು ಅದೇ ವರ್ಷ ಗುಂಪಿನ ಹಳೆಯ ಕಾರ್ಖಾನೆಗಳನ್ನು ಮುಚ್ಚಿದರು. ಎಲ್ಲೆಲ್ಲಿ? ಮಿನ್ನೆಸೋಟಾದ ಸೇಂಟ್ ಕ್ಲೌಡ್, ನಾರ್ತ್ ಕೆರೊಲಿನಾದ ಪೈನ್‌ವಿಲ್, ಜಾರ್ಜಿಯಾದ ಲಾರೆನ್ಸ್‌ವಿಲ್. ನಾರ್ತ್ ಕೆರೊಲಿನಾ, ಜಾರ್ಜಿಯಾ ಬಂದೂಕಿನ ವಿರೋಧಿ ರಾಜ್ಯಗಳೇ? ಅಲ್ಲ. ಯೂನಿಯನ್ ಬಲದ ರಾಜ್ಯಗಳೇ? ಅಲ್ಲ. ಅವೂ ‘ಉದ್ಯಮಸ್ನೇಹಿ’ಗಳೇ. ಇನ್ನೊಬ್ಬ ಸ್ನೇಹಿತ ಹೆಚ್ಚು ಕಾಸು ತೋರಿಸಿದಾಗ ಹಳೆಯ ಸ್ನೇಹ ಮುಗಿಯಿತು, ಅಷ್ಟೆ.

ಅಲಬಾಮಾ ಗತಿ ಏನಾಯಿತು? ರೆಮಿಂಗ್ಟನ್ 2018ರಲ್ಲಿ ಒಮ್ಮೆ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ ಇನ್ನೊಮ್ಮೆ. ಎರಡನೆಯ ಸಲ ಕಂಪನಿಯನ್ನು ತುಂಡು ತುಂಡಾಗಿ ಹರಾಜು ಹಾಕಿದರು. ಗುಂಡಿನ ವ್ಯಾಪಾರ ಒಬ್ಬರಿಗೆ, ಮಾರ್ಲಿನ್ ಬ್ರಾಂಡ್ ಇನ್ನೊಬ್ಬರಿಗೆ, ಬಂದೂಕು ಮತ್ತೊಬ್ಬರಿಗೆ. ಮಾತು ಕೊಟ್ಟ 2,000 ಉದ್ಯೋಗ ಹಂಟ್ಸ್‌ವಿಲ್ ಕಾಣಲೇ ಇಲ್ಲ. ಇಲಿಯಾನ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ 585 ಮಂದಿಯನ್ನು ಮನೆಗೆ ಕಳಿಸಿದರು. ಕೆಲಸದಿಂದ ತೆಗೆದಾಗ ಕೊಡಬೇಕಾದ ಪರಿಹಾರ ಕೊಡಿ ಎಂದರೆ ‘ಇಲ್ಲ’ ಅಂದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಬಂದೂಕಿನ ವಿಭಾಗ ಕೊಂಡ ಹೊಸ ಧಣಿಗಳು 2021ರಲ್ಲಿ ಇಲಿಯಾನ್ ಕಾರ್ಖಾನೆ ಮತ್ತೆ ತೆರೆದರು. ಊರಿಗೆ ಜೀವ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ, ಪ್ರಧಾನ ಕಚೇರಿ ಜಾರ್ಜಿಯಾಕ್ಕೆ ಹೋಗುತ್ತದೆ, ಅಲ್ಲಿ 10 ಕೋಟಿ ಡಾಲರ್ ಹೂಡಿ 856 ಉದ್ಯೋಗ ಕೊಡುತ್ತೇವೆ ಎಂಬ ಘೋಷಣೆ. ಎರಡು ವರ್ಷ ಕಳೆಯುವಷ್ಟರಲ್ಲಿ ಇಲಿಯಾನ್‌ಗೆ ಮುಚ್ಚುವ ನೋಟಿಸು. ಏಳು ವರ್ಷದ ಹಿಂದೆ ರೆಮಿಂಗ್ಟನ್ ಹೆಸರಿನವರು ಕಾರ್ಖಾನೆ ಮುಚ್ಚಿ ಹೋಗಿದ್ದ ಜಾರ್ಜಿಯಾ, ಅದೇ ಹೆಸರಿಗೆ 2021ರಲ್ಲಿ ಮತ್ತೆ ಆರತಿ ಎತ್ತಿತು.

ಸ್ಮಿತ್ ಅಂಡ್ ವೆಸ್ಸನ್ ಕತೆಯಲ್ಲೂ ಇಂಥದ್ದೇ ಒಂದು ಎಳೆ ಇದೆ. ಅದು ಮಿಸೌರಿಯ ಕೊಲಂಬಿಯಾದಲ್ಲಿ ತೆರಿಗೆ ರಿಯಾಯಿತಿ ಪಡೆದು ದೊಡ್ಡ ಉಗ್ರಾಣ ಕಟ್ಟಿತ್ತು. ಮಿಸೌರಿ ಬಂದೂಕಿಗೆ ಅಡ್ಡಿ ಮಾಡುವ ರಾಜ್ಯವೇ ಅಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಆ ಕೆಲಸವನ್ನೂ ಟೆನ್ನೆಸ್ಸಿಗೆ ಸಾಗಿಸುತ್ತೇವೆ ಎಂದಿತು.

ಗೆಳೆಯರೇ, ಹಾಗಾಗಿ ನನ್ನ ಮೊದಲ ಮಾತು: ಬರೀ ರಿಯಾಯಿತಿ ಕೊಟ್ಟು ಕಟ್ಟಿಹಾಕಿದ ಕಂಪನಿ, ಹೆಚ್ಚು ರಿಯಾಯಿತಿ ಕೊಡುವವನು ಸಿಗುವ ತನಕ ಮಾತ್ರ ನಿಲ್ಲುತ್ತದೆ.

ಕಂಪನಿಯನ್ನು ನಿಲ್ಲಿಸುವುದು ಯಾವುದು?

ಇದಕ್ಕೂ ಬಂದೂಕಿನ ಕತೆಯೇ ಉತ್ತರ ಕೊಡುತ್ತದೆ. ಮಾರ್ಲಿನ್ ಎಂಬುದು ಕನೆಕ್ಟಿಕಟ್‌ನ ಹಳೆಯ ಕಂಪನಿ. ರೆಮಿಂಗ್ಟನ್ ಅದನ್ನು ಕೊಂಡು, ನಾರ್ತ್ ಹೇವನ್‌ನ ಕಾರ್ಖಾನೆಯನ್ನು 2011ರಲ್ಲಿ ಮುಚ್ಚಿ, ಕೆಲಸವನ್ನು ಇಲಿಯಾನ್‌ಗೆ ಸಾಗಿಸಿತು. ಯಂತ್ರ ಬಂತು, ನಕ್ಷೆ ಬಂತು, ಹೆಸರು ಬಂತು. ಬಾರದೆ ಉಳಿದದ್ದು ಒಂದೇ: ಆ ಹಳೆಯ ಯಂತ್ರಗಳನ್ನು ದಶಕಗಳ ಕಾಲ ಪಳಗಿಸಿದ್ದ ಕೈಗಳು. ಯಾವ ತಿರುಪನ್ನು ಎಷ್ಟು ಬಿಗಿಯಬೇಕು, ಯಾವ ಭಾಗವನ್ನು ಎಷ್ಟು ಉಜ್ಜಿದರೆ ಸರಿ ಕೂರುತ್ತದೆ ಎಂಬ ತಿಳಿವಳಿಕೆ ಕಾಗದದ ಮೇಲೆ ಇರಲಿಲ್ಲ, ಬೆರಳಿನಲ್ಲಿತ್ತು. ಮುಂದಿನ ಕೆಲವು ವರ್ಷ ಮಾರ್ಲಿನ್ ಬಂದೂಕು ಕೊಂಡವರು ಕಂಪನಿಗೆ ಹಿಡಿಶಾಪ ಹಾಕಿದರು. ‘ರೆಮ್ಲಿನ್’ ಅಂತ ಅಡ್ಡಹೆಸರೇ ಇಟ್ಟರು.

ಸ್ಮಿತ್ ಅಂಡ್ ವೆಸ್ಸನ್ ಈ ಪಾಠ ಕಲಿತಿತ್ತೋ ಏನೋ. ಟೆನ್ನೆಸ್ಸಿಗೆ ಹೊರಟಾಗಲೂ ಲೋಹ ಬಡಿದು ಆಕಾರ ಕೊಡುವ ಕೆಲಸ, ಕಡೆಯುವ ಕೆಲಸ, ರಿವಾಲ್ವರ್ ಜೋಡಣೆ, ಒಟ್ಟು ಸಾವಿರಕ್ಕೂ ಹೆಚ್ಚು ಉದ್ಯೋಗ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಉಳಿಯುತ್ತದೆ ಅಂತ ಹೇಳಿತು. ‘ವ್ಯಾಪಾರಕ್ಕೆ ಕಷ್ಟ’ ಅಂತ ಬೈದ ರಾಜ್ಯದಲ್ಲೇ! ಯಾಕೆ? ಅಲ್ಲಿ 1794ರಿಂದ ಸರ್ಕಾರಿ ಬಂದೂಕು ಕಾರ್ಖಾನೆ ಇತ್ತು. 1968ರಲ್ಲಿ ಅದು ಮುಚ್ಚಿದರೂ, ಅದರ ಸುತ್ತ ತಲೆಮಾರುಗಳಿಂದ ಬೆಳೆದ ಕಸುಬುದಾರರು ಇದ್ದಾರೆ. ಕೋಲ್ಟ್ ಕಂಪನಿಯನ್ನು 2021ರಲ್ಲಿ ಚೆಕ್ ದೇಶದವರು ಕೊಂಡರು. ಸ್ಯಾಂಡಿ ಹುಕ್ ನಂತರ ಕಾನೂನು ಬಿಗಿ ಮಾಡಿದ ಅದೇ ಕನೆಕ್ಟಿಕಟ್‌ನಲ್ಲಿ ಕೋಲ್ಟ್ ಇನ್ನೂ ಬಂದೂಕು ತಯಾರಿಸುತ್ತಿದೆ.

ಇದು ನನ್ನ ಎರಡನೆಯ ಮಾತು: ಕಂಪನಿಯ ಕಾಲನ್ನು ನೆಲಕ್ಕೆ ಕಟ್ಟುವುದು ಊರಿನ ಪಳಗಿದ ಕೈ. ಕೈ ಇದ್ದವನ ಮಾತಿಗೆ ಬೆಲೆ.

ಈಗ ನಮ್ಮ ಮನೆಗೆ ಬನ್ನಿ

2024ರ ಜುಲೈ ನೆನಪಿದೆಯೇ? ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗೆಬ್ಬಿಸಿದರು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ, ಕಂಪನಿಗಳು ಬೇರೆಡೆ ಹೋಗಬೇಕಾದೀತು ಅಂತ ಎಚ್ಚರಿಸಿತು. ಆಂಧ್ರದ ಸಚಿವ ನಾರಾ ಲೋಕೇಶ್, ‘ವಿಶಾಖಪಟ್ಟಣಕ್ಕೆ ಬನ್ನಿ’ ಅಂತ ಕರೆದೇಬಿಟ್ಟರು. ಎರಡೇ ದಿನ! ಮಸೂದೆಯನ್ನು ತಡೆಹಿಡಿಯಲಾಯಿತು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು.

ತಮಾಷೆ ಏನು ಗೊತ್ತೇ? ಅದೇ ಆಂಧ್ರದ ಹಿಂದಿನ ಸರ್ಕಾರ 2019ರಲ್ಲಿ ಶೇ. 75 ಕೆಲಸ ಸ್ಥಳೀಯರಿಗೆ ಅಂತ ಕಾಯಿದೆಯನ್ನೇ ಮಾಡಿತ್ತು. 2025ರ ಜುಲೈನಲ್ಲಿ ದೇವನಹಳ್ಳಿಯ ರೈತರ ದೀರ್ಘ ಹೋರಾಟಕ್ಕೆ ಮಣಿದು ವೈಮಾನಿಕ ಉದ್ಯಮಕ್ಕಾಗಿ ಗುರುತಿಸಿದ್ದ 1,777 ಎಕರೆ ಭೂಸ್ವಾಧೀನವನ್ನು ನಮ್ಮ ಸರ್ಕಾರ ಕೈಬಿಟ್ಟಾಗಲೂ ಅಲ್ಲಿಂದ ಮತ್ತೆ ಕರೆ ಬಂತು. ಅವರನ್ನು ನಾನು ಬೈಯುವುದಿಲ್ಲ. ಅವರ ಹುಡುಗರಿಗೂ ಅನ್ನ ಬೇಕು. ಟೆನ್ನೆಸ್ಸಿಯ ಹುಡುಗ ಇಲಿಯಾನ್‌ನ ಹುಡುಗನಿಗೆ ಶತ್ರುವಲ್ಲ. ಇಬ್ಬರನ್ನೂ ಹರಾಜಿನ ಕಟ್ಟೆಗೆ ಏರಿಸಿ, ಯಾರು ಕಡಿಮೆಗೆ ಸಿಗುತ್ತಾರೆ ಅಂತ ಕೂಗುವವನನ್ನು ನಾವು ಪ್ರಶ್ನಿಸಬೇಕು. ಹೊಟ್ಟೆಪಾಡಿಗೆ ಬೇರೆ ರಾಜ್ಯದಿಂದ ಬಂದ ಕೂಲಿಯವನ ಮೇಲೆ ಕೈ ಎತ್ತುವವನು ಕನ್ನಡ ಹೋರಾಟಗಾರನಲ್ಲ. ಅವನು ಧಣಿಯ ಕೆಲಸವನ್ನು ಸುಲಭ ಮಾಡುವವನು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಇಲಿಯಾನ್‌ನ ಕಾರ್ಮಿಕ ಜಾರ್ಜಿಯಾಕ್ಕೆ ಹೋದರೂ ಅವನ ಮಗು ಅದೇ ಇಂಗ್ಲಿಷಿನಲ್ಲಿ ಓದುತ್ತದೆ. ಪೀಣ್ಯದ ಕಾರ್ಮಿಕ ಕೆಲಸ ಹುಡುಕಿ ಬೇರೆ ರಾಜ್ಯಕ್ಕೆ ಹೋದರೆ ಅವನ ಮಗುವಿಗೆ ಶಾಲೆಯ ಭಾಷೆಯೇ ಬದಲು. ಇನ್ನು, ಕಾರ್ಖಾನೆ ಇಲ್ಲೇ ಇದ್ದೂ ಒಳಗೆ ಕನ್ನಡಿಗನಿಲ್ಲ ಅಂದರೆ? ಆಗ ಊರು ನಮ್ಮದು, ಗೇಟಿನೊಳಗಿನ ಮಾತು ನಮ್ಮದಲ್ಲ. ಅನ್ನ ಕೊಡದ ಭಾಷೆಯನ್ನು ರಾಜ್ಯೋತ್ಸವದ ಬಾವುಟ ಎಷ್ಟು ದಿನ ಹೊತ್ತೀತು?

ಹೊಸ ಬೇಡಿಕೆಯಲ್ಲ ಇದು. ಸರೋಜಿನಿ ಮಹಿಷಿ ವರದಿ 1986ರಲ್ಲೇ ಸರ್ಕಾರದ ಕೈ ಸೇರಿತ್ತು. ರಿಯಾಯಿತಿ ಪಡೆಯುವ ಉದ್ಯಮ ಶೇ. 70 ಕೆಲಸ ಕನ್ನಡಿಗರಿಗೆ ಕೊಡಬೇಕು ಅಂತ ನಮ್ಮ ಕೈಗಾರಿಕಾ ನೀತಿಗಳಲ್ಲೇ ಬರೆದುಕೊಂಡು ಬಂದಿದ್ದಾರೆ. ಬರೆದದ್ದನ್ನು ಲೆಕ್ಕ ಹಾಕಿ ಜನರ ಮುಂದಿಡುವವರು ಯಾರು? ಕಾನೂನಿನ ತೊಡಕೂ ಇದೆ, ಮುಚ್ಚಿಡುವುದಿಲ್ಲ. ಹರಿಯಾಣದ ಶೇ. 75ರ ಕಾಯಿದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತು. ಆದ್ದರಿಂದ ಬರೀ ಘೋಷಣೆ ಕೂಗಿದರೆ ಸಾಲದು, ಬುದ್ಧಿ ಓಡಿಸಬೇಕು. ಸಾರ್ವಜನಿಕರ ಜಾಗ, ನೀರು, ತೆರಿಗೆ ಹಣ ಪಡೆಯುವವರಿಗೆ ಷರತ್ತು ಹಾಕುವುದು ಎಲ್ಲರ ಮೇಲೂ ಕಾಯಿದೆ ಹೇರುವುದಕ್ಕಿಂತ ಗಟ್ಟಿಯಾದ ದಾರಿ. ಕೊಡುವವನಿಗೆ ಷರತ್ತು ಹಾಕುವ ಹಕ್ಕಿದೆ.

ನಾವು ಕೇಳಬೇಕಾದದ್ದು

ಒಂದು: ಯಾವ ಕಂಪನಿಗೆ ಎಷ್ಟು ಎಕರೆ, ಎಷ್ಟು ರಿಯಾಯಿತಿ ಕೊಟ್ಟಿರಿ, ಅದು ಎಷ್ಟು ಉದ್ಯೋಗದ ಮಾತು ಕೊಟ್ಟಿದೆ? ಒಪ್ಪಂದವನ್ನು ಕನ್ನಡದಲ್ಲಿ ಪ್ರಕಟಿಸಿ.

ಎರಡು: ಮಾತು ತಪ್ಪಿದರೆ, ಅವಧಿಗೆ ಮೊದಲೇ ಗಂಟು ಕಟ್ಟಿದರೆ, ಪಡೆದದ್ದನ್ನು ಬಡ್ಡಿ ಸಮೇತ ವಾಪಸು ಕೊಡಬೇಕು. ಇದು ಒಪ್ಪಂದದೊಳಗೇ ಇರಬೇಕು.

ಮೂರು: ಪ್ರತಿ ವರ್ಷ ಎಷ್ಟು ಮಂದಿ ಸ್ಥಳೀಯರು ಕೆಲಸದಲ್ಲಿದ್ದಾರೆ ಎಂಬ ಲೆಕ್ಕ ಹೊರಬರಬೇಕು. ಗೇಟು ಕಾಯುವವರ, ಕಸ ಗುಡಿಸುವವರ ಲೆಕ್ಕ ತೋರಿಸಿ ಕೈತೊಳೆದುಕೊಳ್ಳುವ ಆಟ ಬೇಡ. ಯಂತ್ರದ ಮುಂದೆ, ಮೇಜಿನ ಮುಂದೆ ಯಾರಿದ್ದಾರೆ ಹೇಳಲಿ.

ನಾಲ್ಕು: ಐಟಿಐ, ಡಿಪ್ಲೊಮಾ ಓದುವ ನಮ್ಮ ಹುಡುಗ ಹುಡುಗಿಯರಿಗೆ ಆ ಕಂಪನಿಯ ಯಂತ್ರದ ಮೇಲೇ, ಅವರಿಗೆ ತಿಳಿಯುವ ಕನ್ನಡದಲ್ಲೇ ತರಬೇತಿ ಸಿಗಬೇಕು.

ಇವು ಸರ್ಕಾರಕ್ಕೆ. ಐದನೆಯದು ನಿಮಗೆ. ಕಸುಬು ಕಲಿಯಿರಿ. ಬಾವುಟ ಹಿಡಿದ ಕೈಗೆ ಲೇತ್ ಮೆಷಿನ್ನೂ ಗೊತ್ತಿರಲಿ, ಕಂಪ್ಯೂಟರಿನ ಪ್ರೋಗ್ರಾಮೂ ಗೊತ್ತಿರಲಿ. ಸ್ಪ್ರಿಂಗ್‌ಫೀಲ್ಡ್‌ನ ಸಾವಿರ ಕೆಲಸ ಉಳಿದದ್ದು ಕಂಪನಿಯ ಕರುಣೆಯಿಂದಲ್ಲ, ಆ ಕೈಗಳಿಗೆ ಸುಲಭವಾಗಿ ಬದಲಿ ಸಿಗದ ಕಾರಣದಿಂದ. ಜೊತೆಗೆ, ಸಂಘ ಕಟ್ಟಿ. ಒಂಟಿ ಕಾರ್ಮಿಕನಿಗೆ ನೋಟಿಸು ಕೊಡುವುದು ಸುಲಭ.

ಕೊನೆಯ ಮಾತು. ಸ್ಯಾಂಡಿ ಹುಕ್‌ನಲ್ಲಿ ಮಕ್ಕಳನ್ನು ಕಳೆದುಕೊಂಡವರು ರೆಮಿಂಗ್ಟನ್ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ನ್ಯಾಯಾಲಯ ಅಲೆದರು. 2022ರ ಫೆಬ್ರವರಿಯಲ್ಲಿ ಕಂಪನಿಯ ವಿಮೆಗಾರರು 7.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ‘ಕಾನೂನು ತಂದರೆ ಕೆಲಸ ಹೋಗುತ್ತದೆ’ ಎಂಬ ಬೆದರಿಕೆಗೆ ಆ ರಾಜ್ಯಗಳು ಹೆದರಿದ್ದರೆ, ಇಪ್ಪತ್ತು ಹೆಣಗಳ ಮುಂದೆ ನಿಂತು ಏನು ಹೇಳಬೇಕಿತ್ತು? ಕೆಲಸ ಮುಖ್ಯ, ಇಲಿಯಾನ್‌ನ ಕಣ್ಣೀರು ನಿಜ. ಆದರೆ ಒಂದು ನಾಡು ತನ್ನ ಕಾನೂನನ್ನು ತನ್ನ ಜನರ ಮುಖ ನೋಡಿ ಬರೆಯಬೇಕು, ಬಾಗಿಲಲ್ಲಿ ಗಂಟು ಹಿಡಿದು ನಿಂತವನ ಮುಖ ನೋಡಿ ಅಲ್ಲ.

ನಾಳೆ ಯಾರಾದರೂ ‘ಕನ್ನಡಿಗರಿಗೆ ಕೆಲಸ ಅಂದರೆ ನಾವು ಹೊರಟೆವು’ ಎಂದಾಗ ಬೆವರಬೇಡಿ, ಕೂಗಾಡಲೂ ಬೇಡಿ. ತಣ್ಣಗೆ ಕೇಳಿ: ‘ಆಗಲಿ ಸ್ವಾಮಿ, ಹೋಗುವ ಮೊದಲು ಲೆಕ್ಕ ಚುಕ್ತಾ ಮಾಡಿ. ಇಷ್ಟು ವರ್ಷ ಪಡೆದದ್ದೆಷ್ಟು, ಕೊಟ್ಟದ್ದೆಷ್ಟು?’

ಆ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿರಬೇಕು. ಅದೇ ನಮ್ಮ ಮುಂದಿನ ಚಳವಳಿ.

ಜೈ ಕರ್ನಾಟಕ!